ಬೆನ್ನ ಮೇಲೆ ಕಿವಿರು, ಹೊಟ್ಟೆಯಡಿ ಉಸಿರಿನ ತೂತು: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಉಳಿದ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಇಟ್ಟಿದ್ದೇನೆ. ಹೋದ ತಿಂಗಳು ಬೆಳಗಾವಿಯ ಓದುಗರೊಬ್ಬರು ಕಳಿಸಿದ ಫೋಟೊ ಹಾಕಿ, ಅದರ ಕೆಳಗೆ 'ಸಮುದ್ರದ ಬಂಡೆಯ ಮೇಲಿರುವ ಚಿಪ್ಪಿಲ್ಲದ ಬಸವನಹುಳು, ಗಾಳಿ ಉಸಿರಾಡುತ್ತದೆ' ಅಂತ ಒಂದೇ ಸಾಲು ಬರೆದಿದ್ದೆ. ಆ ಒಂದು ಸಾಲು ಸಾಲದಾಯಿತು ಅಂತ ನಿಮ್ಮ ಪತ್ರಗಳನ್ನು ನೋಡಿದಾಗ ಗೊತ್ತಾಯಿತು. ಹಾಗಾಗಿ ಇವತ್ತು ಪೂರ್ತಿ ಅದೇ.

ಪ್ರಶ್ನೆ: ನಮಸ್ಕಾರ ಮೇಡಂ. ಆ ಫೋಟೊ ಕಳಿಸಿದವನು ನಾನೇ. ಮಾಲ್ವಣ್‌ನಲ್ಲಿ ಇಳಿತದ ಹೊತ್ತಿಗೆ ಬಂಡೆಗಳ ಮೇಲೆ ಇವು ಹತ್ತಾರು ಇದ್ದವು. ಎರಡು ಇಂಚು ಉದ್ದ, ಪಾಚಿಯ ಬಣ್ಣ, ಮೈತುಂಬ ಗುಳ್ಳೆ. ನೀರು ನಿಂತ ಗುಂಡಿಯಲ್ಲಿದ್ದ ಒಂದರ ಬೆನ್ನ ಹಿಂಭಾಗದಲ್ಲಿ ಸಣ್ಣ ಸಣ್ಣ ಪೊದೆಗಳ ತರಹ ಏನೋ ಅರಳಿಕೊಂಡಿತ್ತು. ಮೊಬೈಲ್ ಆ್ಯಪ್ ಅದನ್ನು ಸಮುದ್ರಸೌತೆ ಅಂದಿತು. ನೀವು ಬಸವನಹುಳು ಅಂದಿರಿ. ಯಾವುದು ಸರಿ, ಅದರ ಹೆಸರೇನು? (ಬೆಳಗಾವಿ)

ಉತ್ತರ: ಆ ಪೊದೆಗಳನ್ನು ಗಮನಿಸಿದ್ದಕ್ಕೆ ಮೊದಲು ನಿಮಗೆ ಧನ್ಯವಾದ. ಇಡೀ ಉತ್ತರ ಅದರಲ್ಲೇ ಇದೆ.

ಒಂದೊಂದಾಗಿ ನೋಡೋಣ. ಸಮುದ್ರಸೌತೆ ಅಲ್ಲ, ಯಾಕೆಂದರೆ ನಿಮ್ಮ ಎರಡನೇ ಫೋಟೊದಲ್ಲಿ ಮುಂದುಗಡೆ ಎರಡು ಕೊಂಬು ಕಾಣುತ್ತವೆ, ಅವುಗಳ ತುದಿಯಲ್ಲಿ ಕಪ್ಪು ಚುಕ್ಕಿಯಂತೆ ಕಣ್ಣಿದೆ. ಸಮುದ್ರಸೌತೆಗೆ ಕೊಂಬೂ ಇಲ್ಲ, ಕಣ್ಣೂ ಇಲ್ಲ. ಅದು ನಕ್ಷತ್ರಮೀನಿನ ಕಡೆಯ ಪ್ರಾಣಿ. ಕೈಟಾನ್ ಅನ್ನುವ ಬಂಡೆಗಂಟುವ ಜೀವಿಯೂ ದೂರದಿಂದ ಹೀಗೇ ಕಾಣುತ್ತದೆ, ಆದರೆ ಅದರ ಬೆನ್ನ ಮೇಲೆ ಎಂಟು ಗಟ್ಟಿ ಫಲಕಗಳಿರುತ್ತವೆ. ನಿಮ್ಮದರ ಬೆನ್ನು ಮೆತ್ತಗಿದೆ. ಚಿಪ್ಪು ಹೊರಗೂ ಇಲ್ಲ, ಒಳಗೂ ಇಲ್ಲ. ಕೊಂಬಿನ ತುದಿಗೆ ಕಣ್ಣು, ಅಂಡಾಕಾರದ ಮೈ, ಗುಳ್ಳೆ ಗುಳ್ಳೆಯ ಬೆನ್ನು, ಉಬ್ಬರ ಇಳಿತದ ನಡುವಿನ ಜಾಗ. ಇಷ್ಟಾದರೆ ಅದು ಒಂಕಿಡಿಯಂ ಕುಟುಂಬದ್ದು ಅಂತ ಹೆಚ್ಚುಕಡಿಮೆ ಹೇಳಿಬಿಡಬಹುದು.

ಈ ಕುಟುಂಬದಲ್ಲಿ ಹತ್ತಕ್ಕೂ ಹೆಚ್ಚು ಕುಲಗಳಿವೆ (ಹತ್ತಿರದ ಜಾತಿಗಳ ಗುಂಪಿಗೆ ಕುಲ ಅನ್ನುತ್ತಾರೆ). ಬಹುಪಾಲು ಕುಲಗಳನ್ನು ಹೊರಗಿನಿಂದ ನೋಡಿ ಗುರುತಿಸುವುದು ಬಹಳ ಕಷ್ಟ. ಒಂದೇ ಒಂದು ಕುಲ ಮಾತ್ರ ನಮಗೆ ದಯೆ ತೋರಿದೆ, ಅದೇ ಪೆರೋನಿಯ. ಬೆನ್ನ ಮೇಲೆ ಕಿವಿರುಗಳಿರುವ ಈ ಕುಟುಂಬದ ಜಾತಿಗಳೆಲ್ಲ ಪೆರೋನಿಯ, ಇಲ್ಲದವು ಬೇರೆ. ನೀವು ಕಂಡ ಆ ಪೊದೆಗಳೇ ಕಿವಿರುಗಳು. ಹಾಗಾಗಿ ನಿಮ್ಮದು ಪೆರೋನಿಯ, ಇಲ್ಲಿಯವರೆಗೆ ಅನುಮಾನವಿಲ್ಲ. ಮಹಾರಾಷ್ಟ್ರ, ಗುಜರಾತಿನ ಕಲ್ಲುತೀರಗಳಲ್ಲಿ ಸಾಮಾನ್ಯವಾಗಿ ಸಿಗುವುದು ಪೆರೋನಿಯ ವೆರುಕುಲೇಟಾ. ನಿಮ್ಮದೂ ಅದೇ ಇರುವ ಸಾಧ್ಯತೆ ಜಾಸ್ತಿ. ಆದರೆ ಫೋಟೊ ನೋಡಿ ಅದೇ ಅಂತ ನಾನು ಬರೆದುಕೊಡುವುದಿಲ್ಲ. ಯಾಕೆ ಅಂತ ಮುಂದಿನ ಪ್ರಶ್ನೆಗಳಲ್ಲಿ ಬರುತ್ತದೆ.

ಒಂದು ಎಚ್ಚರಿಕೆ. ನೀರಿನಿಂದ ಹೊರಗಿರುವಾಗ ಪೆರೋನಿಯ ಕಿವಿರುಗಳನ್ನು ಮುದುಡಿಕೊಳ್ಳುತ್ತದೆ, ಆಗ ಅವು ಸುತ್ತಲಿನ ಗುಳ್ಳೆಗಳ ನಡುವೆ ಕಳೆದುಹೋಗುತ್ತವೆ. ನಾನು ಮೊದಲ ಸಲ ಮುಂಬೈಯ ಬಾಂದ್ರಾದ ಬಂಡೆಗಳ ಮೇಲೆ ಇವನ್ನು ನೋಡಿದಾಗ ಅರ್ಧ ಗಂಟೆ ಮಂಡಿಯೂರಿ ಹುಡುಕಿದರೂ ಕಿವಿರು ಕಾಣಲಿಲ್ಲ. ಆಮೇಲೆ ಒಂದನ್ನು ಸಮುದ್ರದ ನೀರು ತುಂಬಿದ ತಟ್ಟೆಯಲ್ಲಿಟ್ಟು ಸುಮ್ನೆ ಕಾದೆ. ಸ್ವಲ್ಪ ಹೊತ್ತಿಗೆ ಬೆನ್ನ ಹಿಂದಿನ ಅರ್ಧದಲ್ಲಿ ಕವಲು ಕವಲಾಗಿ ಅವು ಬಿಚ್ಚಿಕೊಂಡವು. ಆ ಸಂತೋಷ ಇನ್ನೂ ನೆನಪಿದೆ.

ಪ್ರಶ್ನೆ: ಕಿವಿರು ಇದ್ದರೆ ನೀರಲ್ಲಿ ಉಸಿರಾಡಬೇಕು, ಶ್ವಾಸಕೋಶ ಇದ್ದರೆ ಗಾಳಿಯಲ್ಲಿ. ಎರಡೂ ಇರುವುದು ಹೇಗೆ? ಅದನ್ನು ಯಾವ ಕಡೆ ಸೇರಿಸುತ್ತಾರೆ? (ಪಿಯುಸಿ ವಿದ್ಯಾರ್ಥಿನಿ, ಶಿರಸಿ)

ಉತ್ತರ: ತುಂಬಾ ಒಳ್ಳೆಯ ಪ್ರಶ್ನೆ ಕೇಳಿದ್ದೀಯಮ್ಮ. ಇದೇ ಪ್ರಶ್ನೆಯ ಮೇಲೆ ಪ್ರಾಣಿಶಾಸ್ತ್ರದವರೂ ಬಹಳ ಕಾಲ ಜಗ್ಗಾಡಿದ್ದಾರೆ.

ಪ್ರಾಣಿಯನ್ನು ಮಗುಚಿ ನೋಡಿದರೆ ನಡುವೆ ಉದ್ದನೆಯ ಪಾದ, ಅದರ ಸುತ್ತ ಒಂದು ಅಂಚು ಕಾಣುತ್ತದೆ. ಆ ಅಂಚಿನಲ್ಲಿ, ಹಿಂತುದಿಯ ಹತ್ತಿರ, ಒಂದು ಸಣ್ಣ ತೂತು. ಅದೇ ಉಸಿರಿನ ತೂತು. ಅದರೊಳಗೆ ಶ್ವಾಸಕೋಶ. ಇಳಿತದಲ್ಲಿ ಬಂಡೆ ಬಯಲಾದಾಗ ಪ್ರಾಣಿ ಹೊರಗೆ ಬಂದು ಪಾಚಿ ಕೆರೆದು ತಿನ್ನುತ್ತಾ ಓಡಾಡುತ್ತದೆ, ಆಗ ಈ ತೂತು ತೆರೆದು ಗಾಳಿ ತೆಗೆದುಕೊಳ್ಳುತ್ತದೆ. ಉಬ್ಬರ ಬಂದಾಗ ಸಂದಿಗೆ ಸೇರಿ ತೂತು ಮುಚ್ಚುತ್ತದೆ, ನೀರು ಹೋಗುವವರೆಗೂ ಚರ್ಮದಿಂದ ಮತ್ತು ಬೆನ್ನಿನ ಆ ಕಿವಿರುಗಳಿಂದ ಕೆಲಸ ನಡೆಸುತ್ತದೆ. ದಿನಕ್ಕೆ ಎರಡು ಸಲ ಮನೆಯೊಳಗೆ ನೀರು ನುಗ್ಗುವ ಜಾಗದಲ್ಲಿ ಬದುಕುವವರಿಗೆ ಎರಡು ಏರ್ಪಾಡು ಬೇಕೇ ಬೇಕು, ಅಲ್ವಾ?

ಈ ಕಿವಿರುಗಳು ಮೀನಿನ ಕಿವಿರಿನ ತರಹದವಲ್ಲ ಅನ್ನುವುದನ್ನೂ ಗಮನಿಸು. ಬೆನ್ನ ಚರ್ಮವೇ ಕವಲೊಡೆದು ಹೊರಗೆ ಬೆಳೆದದ್ದು. ಡೋರಿಸ್ ತರಹದ ಬಣ್ಣಬಣ್ಣದ, ಚಿಪ್ಪಿಲ್ಲದ ಸಮುದ್ರ ಬಸವನಹುಳುಗಳಲ್ಲೂ ಬೆನ್ನ ಮೇಲೆ ಕಿವಿರಿನ ಕುಚ್ಚು ಇರುತ್ತದೆ. ಆದರೆ ಅಲ್ಲಿ ಅದು ಗುದದ್ವಾರದ ಸುತ್ತ ಹೂವಿನ ಹಾಗೆ ಒಂದೇ ಕಡೆ ಇರುತ್ತದೆ, ಆ ಪ್ರಾಣಿಗಳಿಗೆ ಶ್ವಾಸಕೋಶ ಇರುವುದಿಲ್ಲ. ಹೊರನೋಟದ ಈ ಹೋಲಿಕೆಯನ್ನು ನಂಬಿ ಎರಡನ್ನೂ ಒಂದೇ ಗುಂಪಿಗೆ ಹಾಕಿದರೆ ತಪ್ಪಾಗುತ್ತದೆ.

ಒಂಕಿಡಿಯಂ ಕುಟುಂಬದ ಹತ್ತಿರದ ನೆಂಟರು ಸಮುದ್ರದಲ್ಲಿಲ್ಲ, ನಮ್ಮ ತೋಟಗಳಲ್ಲಿದ್ದಾರೆ. ಮಳೆಗಾಲದಲ್ಲಿ ಹೂಕುಂಡದ ಕೆಳಗೆ ಚಪ್ಪಟೆಯಾಗಿ, ತೊಗಲಿನ ತುಂಡಿನಂತೆ ಅಂಟಿಕೊಂಡಿರುವ ಕಪ್ಪು ಹುಳು ನೋಡಿರಬೇಕು, ಬೆನ್ನ ನಡುವೆ ತೆಳು ಬಣ್ಣದ ಒಂದು ಗೆರೆ ಇರುತ್ತದೆ. ಅದರ ಹೆಸರು ಲೀವಿಕಾಲಿಸ್ ಆಲ್ಟೆ, ಆಫ್ರಿಕಾ ಮೂಲದ್ದು. ಅದರ ಗುಂಪೂ ಒಂಕಿಡಿಯಂ ಕುಟುಂಬವೂ ಅಕ್ಕಪಕ್ಕದ ಕವಲುಗಳು. ಗುರುತಿಗೆ ಒಂದು ಸುಲಭದ ವ್ಯತ್ಯಾಸ: ತೋಟದ್ದಕ್ಕೆ ಎರಡು ಜೊತೆ ಕೊಂಬು, ಸಮುದ್ರದಂಡೆಯದ್ದಕ್ಕೆ ಒಂದೇ ಜೊತೆ. (ತೋಟದ ಆ ಹುಳುವನ್ನು ಬರಿಗೈಯಲ್ಲಿ ಮುಟ್ಟಬೇಡಿ, ಮುಟ್ಟಿದರೆ ಚೆನ್ನಾಗಿ ಕೈ ತೊಳೆಯಿರಿ. ಮನುಷ್ಯರ ಮಿದುಳಿನ ಹೊದಿಕೆಗೆ ತೊಂದರೆ ಮಾಡುವ, ಇಲಿಗಳ ಶ್ವಾಸಕೋಶದಲ್ಲಿ ಬೆಳೆಯುವ ಒಂದು ಪರೋಪಜೀವಿ ಹುಳು ಅದರ ಮೈಯಲ್ಲಿರಬಹುದು.)

ಪ್ರಶ್ನೆ: ನಮ್ಮ ಹಳೆಯ ಪಠ್ಯದಲ್ಲಿ ಒಂಕಿಡಿಯಂ ವೆರುಕುಲೇಟಂ ಅಂತಿದೆ. ನೀವು ಪೆರೋನಿಯ ಅನ್ನುತ್ತೀರಿ. ಸುಮ್ನೆ ಹೆಸರು ಬದಲಾಯಿಸುವುದರಿಂದ ಏನು ಲಾಭ? (ನಿವೃತ್ತ ಜೀವಶಾಸ್ತ್ರ ಶಿಕ್ಷಕರು, ಧಾರವಾಡ)

ಉತ್ತರ: ಸರ್, ಎರಡೂ ಒಂದೇ ಪ್ರಾಣಿಯ ಹೆಸರು. ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಇದರ ಕಥೆ ಗೊತ್ತಾದರೆ ಬೇಸರ ಕಡಿಮೆಯಾಗಬಹುದು, ಅದರಲ್ಲಿ ನಮ್ಮ ನೆಲಕ್ಕೆ ಸಂಬಂಧಪಟ್ಟವರೊಬ್ಬರೂ ಇದ್ದಾರೆ.

ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, 1800ರಲ್ಲಿ, ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರ್ ಸುತ್ತಿದ ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್ ಹೆಸರು ನಿಮಗೆ ಗೊತ್ತೇ ಇದೆ. ನಮ್ಮ ಊರುಗಳ ಬೇಸಾಯ, ನೇಯ್ಗೆ, ಜಾತಿ, ಬೆಲೆಗಳ ಬಗ್ಗೆ ಬರೆಯುವವರೆಲ್ಲ ಇಂದಿಗೂ ಅವನ ಪ್ರವಾಸದ ಪುಸ್ತಕ ತೆರೆಯುತ್ತಾರೆ. ಅದೇ 1800ರಲ್ಲಿ ಲಂಡನ್ನಿನ ಲಿನ್ನಿಯನ್ ಸೊಸೈಟಿಯ ಪತ್ರಿಕೆಯಲ್ಲಿ ಅವನ ಒಂದು ಪುಟ್ಟ ಲೇಖನ ಅಚ್ಚಾಯಿತು. ಬಂಗಾಳದಲ್ಲಿ ಜೊಂಡಿನ ಎಲೆಗಳ ಮೇಲೆ ಸಿಕ್ಕ ಚಿಪ್ಪಿಲ್ಲದ ಒಂದು ಹುಳುವಿಗೆ ಅವನು ಒಂಕಿಡಿಯಂ ಅಂತ ಹೊಸ ಕುಲ ಮಾಡಿ, ಜೊಂಡಿನ ಲ್ಯಾಟಿನ್ ಹೆಸರನ್ನೇ ಸೇರಿಸಿ ಒಂಕಿಡಿಯಂ ಟೈಫೇ ಅಂತ ಕರೆದ. ಇಡೀ ಕುಟುಂಬಕ್ಕೆ ಹೆಸರು ಕೊಟ್ಟ ಪ್ರಾಣಿ ಅದು. ಮಂಗಳೂರು, ಹೊನ್ನಾವರದ ದಾರಿಯಲ್ಲಿ ನಡೆದ ಅದೇ ಮನುಷ್ಯ ಇದನ್ನೂ ಮಾಡಿದ್ದ ಅನ್ನುವುದು ನನಗಂತೂ ಬಹಳ ಇಷ್ಟವಾದ ಸಂಗತಿ.

ನಾಲ್ಕು ವರ್ಷದ ಮೇಲೆ, 1804ರಲ್ಲಿ, ಪ್ಯಾರಿಸಿನ ಪ್ರಾಣಿಶಾಸ್ತ್ರಜ್ಞ ಕುವಿಯೇ ಮಾರಿಷಸ್ ದ್ವೀಪದಿಂದ ಬಂದ ಒಂದು ದೊಡ್ಡ ಹುಳುವನ್ನು ವರ್ಣಿಸಿದ. ತಂದವನು ಬೋದ್ಯಾಂ ಎಂಬುವನ ನೌಕಾಯಾನದಲ್ಲಿದ್ದ ಫ್ರಾಂಸ್ವಾ ಪೆರೋನ್. ಅವನ ನೆನಪಿಗೆ ಒಂಕಿಡಿಯಂ ಪೆರೋನಿಐ ಅಂತ ಹೆಸರಾಯಿತು. 1822ರಲ್ಲಿ ಫ್ಲೆಮಿಂಗ್ ಎಂಬ ಪ್ರಾಣಿಶಾಸ್ತ್ರಜ್ಞ ಇದನ್ನು ಬೇರೆ ಕುಲ ಮಾಡಿ ಪೆರೋನಿಯ ಅಂದ. 1830ರಲ್ಲಿ ಕುವಿಯೇ ಇನ್ನೊಂದು ಜಾತಿಗೆ ವೆರುಕುಲೇಟಂ ಎಂಬ ಹೆಸರು ಕೊಟ್ಟ, ಸಣ್ಣ ನರೂಲಿಗಳುಳ್ಳದ್ದು ಅಂತ ಅರ್ಥ. ಮುಂದೆ ಎಷ್ಟೋ ಲೇಖಕರು ಪೆರೋನಿಯವನ್ನು ಬಳಸದೆ ಎಲ್ಲವನ್ನೂ ಒಂಕಿಡಿಯಂ ಎಂಬ ಒಂದೇ ಚೀಲಕ್ಕೆ ತುಂಬಿದರು. ನಿಮ್ಮ ಪಠ್ಯದ ಹೆಸರು ಆ ಚೀಲದ್ದು. ಕುಲ ಬದಲಾದಾಗ ವ್ಯಾಕರಣದ ಲಿಂಗವೂ ಬದಲಾಯಿತು, ಹಾಗಾಗಿ ವೆರುಕುಲೇಟಂ ಹೋಗಿ ವೆರುಕುಲೇಟಾ ಬಂತು.

ಲಾಭ ಏನು ಅಂದಿರಿ. ಬುಕಾನನ್ನನ ಒಂಕಿಡಿಯಂಗೆ ಬೆನ್ನ ಮೇಲೆ ಕಿವಿರು ಇಲ್ಲ. ಅದು ನದಿ ಸಮುದ್ರ ಸೇರುವ ಕೆಸರುಜಾಗದ ಪ್ರಾಣಿ. ಪೆರೋನಿಯ ಹೆಚ್ಚಾಗಿ ಕಲ್ಲುತೀರದ್ದು. ಎರಡನ್ನೂ ಒಂದೇ ಹೆಸರಲ್ಲಿ ಕರೆದರೆ ಒಂದರ ಬಗ್ಗೆ ಮಾಡಿದ ಪ್ರಯೋಗವನ್ನು ಇನ್ನೊಂದಕ್ಕೆ ಅಂಟಿಸಿಬಿಡುತ್ತೇವೆ. ಹಳೆಯ ಪ್ರಬಂಧಗಳಲ್ಲಿ ಇದು ಆಗಿದೆ ಕೂಡ. 'ಒಂಕಿಡಿಯಂ ಮೇಲೆ ಅಧ್ಯಯನ' ಅಂತ ಶೀರ್ಷಿಕೆ, ಒಳಗೆ ನೋಡಿದರೆ ಪೆರೋನಿಯ.

ಪ್ರಶ್ನೆ: ಎಂಎಸ್ಸಿ ಪ್ರಾಜೆಕ್ಟಿಗೆ ಕಲ್ಲುತೀರದ ಜೀವಿಗಳ ಪಟ್ಟಿ ಮಾಡುತ್ತಿದ್ದೇನೆ. ಪೆರೋನಿಯ ಅಂತ ಬರೆದರೆ ಗೈಡ್ ಒಪ್ಪುವುದಿಲ್ಲ, ಜಾತಿ ಬೇಕು ಅನ್ನುತ್ತಾರೆ. ಫೋಟೊ ನೋಡಿ ಜಾತಿ ಹೇಳಲು ಸಾಧ್ಯವೇ ಇಲ್ಲವಾ? (ಮಂಗಳೂರು)

ಉತ್ತರ: ಸಾಧ್ಯವಿಲ್ಲ. ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ, ಗೈಡ್‌ಗೂ ತೋರಿಸಿ.

2020ರಲ್ಲಿ ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಬೆನ್ವಾ ದೇರಾ ಮತ್ತು ಅವರ ಸಂಗಡಿಗರು ಇಡೀ ಪೆರೋನಿಯ ಕುಲವನ್ನು ಮೊದಲಿಂದ ಪರಿಶೀಲಿಸಿ ಪ್ರಕಟಿಸಿದರು. ದಕ್ಷಿಣ ಆಫ್ರಿಕಾದಿಂದ ಹವಾಯಿವರೆಗೆ ಹೊಸದಾಗಿ ಸಂಗ್ರಹಿಸಿದ ಮಾದರಿಗಳು, ಮ್ಯೂಸಿಯಂಗಳಲ್ಲಿ ಸಿಕ್ಕ ಮೂಲ ಮಾದರಿಗಳು, ಡಿಎನ್‌ಎ, ಒಳಗಿನ ಅಂಗರಚನೆ, ಎಲ್ಲ ಸೇರಿಸಿ ಮಾಡಿದ ಕೆಲಸ. ಅಲ್ಲಿಯವರೆಗೆ ಈ ಕುಲದಲ್ಲಿ 31 ಹೆಸರುಗಳಿದ್ದವು. ಅವುಗಳಲ್ಲಿ 27 ನಿಲ್ಲಲಿಲ್ಲ. 21 ಹೆಸರುಗಳು ಆಗಲೇ ಹೆಸರಿದ್ದ ಜಾತಿಗಳಿಗೆ ಮತ್ತೆ ಇಟ್ಟವು. ಐದು ಯಾವ ಪ್ರಾಣಿಯದ್ದೆಂದೇ ತೀರ್ಮಾನಿಸಲಾಗದಂಥವು, ಇನ್ನೊಂದು ಬೇರೆಯದಕ್ಕೆ ಮೊದಲೇ ಬಳಕೆಯಾಗಿದ್ದ ಹೆಸರು. ಉಳಿದದ್ದು ನಾಲ್ಕು: ಪೆರೋನಿಐ, ವೆರುಕುಲೇಟಾ, ಪ್ಲೇಟೈ, ಮಡಗಾಸ್ಕರಿಯೆನ್ಸಿಸ್. ಐದು ಹೊಸ ಜಾತಿ ಸೇರಿ ಒಟ್ಟು ಒಂಬತ್ತು. ಹೊಸದರಲ್ಲಿ ಎರಡು, ಓಕಿನಾವೆನ್ಸಿಸ್ ಮತ್ತು ಸೆಟೊಯೆನ್ಸಿಸ್, ಜಪಾನಿನಲ್ಲಿ ಮಾತ್ರ ಸಿಗುವಂಥವು. ಮಡಗಾಸ್ಕರಿಯೆನ್ಸಿಸ್ ಹೆಸರು ಬಂದದ್ದು ಮಡಗಾಸ್ಕರ್‌ನಿಂದ. ಪೆರೋನಿಐ ಮತ್ತು ವೆರುಕುಲೇಟಾ ಮಾತ್ರ ಹಿಂದೂ ಮಹಾಸಾಗರದಿಂದ ಪೆಸಿಫಿಕ್‌ವರೆಗೆ ಬಹಳ ವಿಶಾಲವಾಗಿ ಹರಡಿವೆ.

ಒಂಬತ್ತೂ ಹೊರಗಿನಿಂದ ಹೆಚ್ಚುಕಡಿಮೆ ಒಂದೇ ತರಹ. ಬಣ್ಣ ನಂಬಬೇಡಿ, ಒಂದೇ ಬಂಡೆಯ ಮೇಲಿನ ಎರಡು ವೆರುಕುಲೇಟಾಗಳ ಬಣ್ಣವೇ ಬೇರೆ ಬೇರೆ ಇರುತ್ತದೆ. ಗುಳ್ಳೆಗಳ ಸಂಖ್ಯೆಯನ್ನೂ ನಂಬಬೇಡಿ. ಪೆರೋನಿಐ ಬೆಳೆದಾಗ ತುಂಬಾ ದೊಡ್ಡದಾಗುತ್ತದೆ, ಅದೊಂದು ಸುಳಿವು, ಆದರೆ ಅದರ ಮರಿ ಸಿಕ್ಕರೆ ಆ ಸುಳಿವೂ ಹೋಯಿತು. ವ್ಯತ್ಯಾಸ ಇರುವುದು ಹೊಟ್ಟೆಯೊಳಗೆ. ಕರುಳು ಯಾವ ರೀತಿ ಸುತ್ತಿಕೊಂಡಿದೆ, ಗಂಡು ಅಂಗದೊಳಗಿನ ಕೊಕ್ಕೆಗಳು ಹೇಗಿವೆ, ಅದರ ಪಕ್ಕದ ಗ್ರಂಥಿಯ ಟೊಳ್ಳು ಮುಳ್ಳು ಎಷ್ಟು ಉದ್ದ, ಇಂಥವು. ಇವೆಲ್ಲ ಸೂಕ್ಷ್ಮದರ್ಶಕದ ಕೆಳಗೆ ಕುಯ್ದು ನೋಡಬೇಕಾದ ಕೆಲಸ, ಅದೂ ಬೆಳೆದ ಪ್ರಾಣಿಯಲ್ಲಿ. ಎಲ್ಲವೂ ಗಂಡು ಹೆಣ್ಣು ಎರಡೂ ಆಗಿರುವುದರಿಂದ ಯಾವುದೇ ಬೆಳೆದ ಪ್ರಾಣಿ ಸಿಕ್ಕರೂ ಗಂಡು ಅಂಗ ಇದ್ದೇ ಇರುತ್ತದೆ, ಅದೊಂದು ಅನುಕೂಲ. ಪ್ಲೇಟೈ ಮತ್ತು ಸೆಟೊಯೆನ್ಸಿಸ್ ಅಂತೂ ಒಳಗೆ ನೋಡಿದರೂ ಬೇರೆ ಅಂತ ಗೊತ್ತಾಗುವುದಿಲ್ಲ, ಡಿಎನ್‌ಎ ಒಂದೇ ದಾರಿ.

ಇಷ್ಟೊಂದು ಸುಳ್ಳು ಹೆಸರುಗಳು ಹೇಗೆ ಹುಟ್ಟಿದವು ಅಂತ ಯೋಚಿಸಿ. ಹಡಗಿನಲ್ಲಿ ಮದ್ಯಸಾರದ ಸೀಸೆಯೊಳಗೆ ಬಂದ ಹುಳು ಮುದುಡಿ, ಗಟ್ಟಿಯಾಗಿ, ಬಣ್ಣ ಕಳೆದುಕೊಂಡು ಯುರೋಪಿಗೆ ತಲುಪುತ್ತಿತ್ತು. ಜೀವಂತ ಪ್ರಾಣಿಯನ್ನು ಎಂದೂ ನೋಡದವರು ಒಂದೋ ಎರಡೋ ಮಾದರಿ ಇಟ್ಟುಕೊಂಡು, ಊರು ಬೇರೆ ಅಂದಮೇಲೆ ಜಾತಿಯೂ ಬೇರೆ ಅಂದುಕೊಂಡರು. ಇವತ್ತು ಮೊಬೈಲ್ ಫೋಟೊ ಒಂದನ್ನೇ ನೋಡಿ ಜಾತಿಯ ಹೆಸರು ಬರೆದರೆ ನಾವೂ ಅದನ್ನೇ ಮಾಡಿದಂತೆ. ನಿಮ್ಮ ಪಟ್ಟಿಯಲ್ಲಿ 'ಪೆರೋನಿಯ, ಜಾತಿ ಖಚಿತವಿಲ್ಲ' ಅಂತ ಬರೆಯುವುದು ಸೋಮಾರಿತನ ಅಲ್ಲ, ಅದು ನಿಜ ಹೇಳಿದಂತೆ.

ಜಾತಿ ಬೇಕೇ ಬೇಕು ಅಂದರೆ ಹೀಗೆ ಮಾಡಿ. ಬೇಕಾದ ಅನುಮತಿ ತೆಗೆದುಕೊಂಡು ಎರಡೇ ಎರಡು ಬೆಳೆದ ಪ್ರಾಣಿ ತನ್ನಿ. ಜೀವಂತವಾಗಿರುವಾಗಲೇ ಬೆನ್ನು, ಹೊಟ್ಟೆ ಎರಡರ ಫೋಟೊ ತೆಗೆಯಿರಿ. ಮೆಗ್ನೀಷಿಯಂ ಕ್ಲೋರೈಡ್ ದ್ರಾವಣದಲ್ಲಿ ಸಡಿಲಗೊಳಿಸಿ, ಇಲ್ಲದಿದ್ದರೆ ಮುಷ್ಟಿಯಂತೆ ಬಿಗಿದುಕೊಂಡು ಒಳಗೆ ಏನೂ ಕಾಣುವುದಿಲ್ಲ. ಡಿಎನ್‌ಎಗೆ ಚರ್ಮದ ಸಣ್ಣ ತುಂಡನ್ನು ಎಥನಾಲ್‌ನಲ್ಲಿಡಿ. ಫಾರ್ಮಲಿನ್‌ಗೆ ಹಾಕಿದರೆ ಡಿಎನ್‌ಎ ಹಾಳಾಗುತ್ತದೆ.

ಪ್ರಶ್ನೆ: ಅಘನಾಶಿನಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಕೆಸರಿನಲ್ಲಿ ಇಂಥದ್ದೇ ಹುಳು ನೋಡಿದ್ದೇವೆ, ಕಿವಿರು ಇರಲಿಲ್ಲ. ಫೋಟೊ ಬೆನ್ನಿನದು ಮಾತ್ರ ಇದೆ. (ಕುಮಟಾ)

ಉತ್ತರ: ಫೋಟೊ ನೋಡಿದೆ. ನೀರೊಳಗೂ ಕಿವಿರು ಅರಳದಿದ್ದರೆ ಪೆರೋನಿಯ ಅಲ್ಲ. ಆಮೇಲೆ ಕುಲ ಯಾವುದು ಅನ್ನುವುದು ಹೊಟ್ಟೆಯ ಕಡೆ ನೋಡದೆ ಹೇಳಲಾಗದು. ಉದಾಹರಣೆಗೆ ಪ್ಲಾಟೆವಿಂಡೆಕ್ಸ್ ಎಂಬ ಕುಲದವು ಚಪ್ಪಟೆ, ಪಾದ ಕಿರಿದು, ಪಾದದ ಸುತ್ತಲಿನ ಅಂಚು ಬಹಳ ಅಗಲ. ಕಾಂಡ್ಲಾ ಮರಗಳ ಕಾಂಡ, ಬೇರುಗಳ ಮೇಲೆ ಹೆಚ್ಚು. ಈ ಕುಟುಂಬದಲ್ಲಿ ಕಾಂಡ್ಲಾದ ಕಡೆಯೇ ಹೊಸ ಕುಲಗಳು ಜಾಸ್ತಿ ಸಿಗುತ್ತಿವೆ: 2017ರಲ್ಲಿ ಮೆಲಯಾಂಕಿಸ್, 2019ರಲ್ಲಿ ಲಾಸ್ಪಿಯಾಂಕಿಸ್, ಎರಡೂ ಆಗ್ನೇಯ ಏಷ್ಯಾದ ಮಾದರಿಗಳಿಂದ ಹೆಸರು ಪಡೆದವು. ಮತ್ತೆ ಹೋದಾಗ ಪ್ರಾಣಿಯನ್ನು ಮೆಲ್ಲಗೆ ಮಗುಚಿ, ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ಫೋಟೊ ತೆಗೆಯಿರಿ. ಕೆಸರಿನ ಮೇಲಿತ್ತೋ, ಕಾಂಡದ ಮೇಲೋ, ಕೊಳೆತ ದಿಮ್ಮಿಯ ಅಡಿಯಲ್ಲೋ, ಆಗ ಇಳಿತ ಎಷ್ಟಿತ್ತು, ಬರೆದುಕೊಳ್ಳಿ.

ಪ್ರಶ್ನೆ: ಕಚ್ಚುತ್ತದಾ? ಬೆನ್ನ ಮೇಲೂ ಕಣ್ಣಿದೆ ಅಂತ ಎಲ್ಲೋ ಓದಿದೆ, ನಿಜವೇ? (ಉಡುಪಿ)

ಉತ್ತರ: ಕಚ್ಚುವುದಿಲ್ಲ. ಅದರ ಹಲ್ಲುಪಟ್ಟಿ ಪಾಚಿ ಕೆರೆಯುವುದಕ್ಕೆ ಇರುವುದು. ಈ ಕುಟುಂಬದ ಕೆಲವು ಹೆದರಿದಾಗ ಚರ್ಮದಿಂದ ರಾಸಾಯನಿಕ ಬಿಡುತ್ತವೆ, ಅದು ಮೀನು ಏಡಿಗಳನ್ನು ದೂರವಿಡುವ ಉಪಾಯ. ಮುಟ್ಟಿದ ಕೈಯನ್ನು ಕಣ್ಣಿಗೆ ಒಯ್ಯಬೇಡಿ, ಅಷ್ಟು ಸಾಕು.

ಬೆನ್ನ ಮೇಲಿನ ಕಣ್ಣು ನಿಜ. ಕೆಲವು ಗುಳ್ಳೆಗಳ ತುದಿಯಲ್ಲಿ ಒಂದು, ಎರಡು, ಮೂರು ಕಪ್ಪು ಚುಕ್ಕಿಗಳ ಗುಂಪು ಇರುತ್ತದೆ. ಪ್ರತಿ ಚುಕ್ಕಿಯೂ ಮಸೂರವಿರುವ ಕಣ್ಣು. ಇನ್ನೂ ಆಶ್ಚರ್ಯ ಎಂದರೆ ಅದರ ರೆಟಿನಾ ನಮ್ಮ ಕಣ್ಣಿನಂತೆ ತಿರುಗುಮುರುಗಾಗಿದೆ, ಕೊಂಬಿನ ತುದಿಯ ಕಣ್ಣು ಹಾಗಿಲ್ಲ. ಒಂದೇ ಮೈಯಲ್ಲಿ ಎರಡು ಬಗೆಯ ಕಣ್ಣು. ಫಿಲಿಪ್ಪೀನ್ಸ್‌ನಲ್ಲಿ ಓಡಾಡಿದ್ದ ಜರ್ಮನಿಯ ಕಾರ್ಲ್ ಸೆಂಪರ್ 1877ರಲ್ಲಿ ಇದರ ಬಗ್ಗೆ ಪುಸ್ತಕವನ್ನೇ ಬರೆದರು. ಕೆಸರಿನ ಮೇಲೆ ಜಿಗಿಯುವ ಮಡ್‌ಸ್ಕಿಪ್ಪರ್ ಮೀನು ಮೇಲಿನಿಂದ ಎರಗಿದಾಗ ನೆರಳು ಕಂಡು ಕಾಪಾಡಿಕೊಳ್ಳಲು ಈ ಕಣ್ಣುಗಳು ಅನ್ನುವುದು ಅವರ ಊಹೆ. ಕುಲ ಗುರುತಿಸುವಾಗಲೂ ಈ ಚುಕ್ಕಿಗಳು ಎಲ್ಲಿವೆ, ಗುಂಪಿನಲ್ಲಿ ಎಷ್ಟಿವೆ ಅಂತ ನೋಡುತ್ತಾರೆ. ಒಳ್ಳೆಯ ಮ್ಯಾಕ್ರೊ ಲೆನ್ಸ್ ಇದ್ದರೆ ನಿಮಗೂ ಕಾಣುತ್ತವೆ.

ಪ್ರಶ್ನೆ: ಫೋಟೊ ತೆಗೆದ ಮೇಲೆ ಅದನ್ನು ಸಮುದ್ರಕ್ಕೆ ಎಸೆದುಬಿಟ್ಟೆವು. ಸರಿಯಾಯಿತಾ? (ಹುಬ್ಬಳ್ಳಿ)

ಉತ್ತರ: ಎಸೆಯಬೇಡಿ. ಎತ್ತಿದ ಜಾಗದಲ್ಲೇ, ಅದೇ ಬಂಡೆಯ ಅದೇ ಸಂದಿಯ ಪಕ್ಕದಲ್ಲೇ ಇಡಿ. ಈ ಕುಟುಂಬದ ಹಲವು ಹುಳುಗಳಿಗೆ ತಮ್ಮ ಮನೆಯ ಸಂದಿ ಗೊತ್ತು. ಬರ್ಮುಡಾದಲ್ಲಿ ಏರಿ ಮತ್ತು ಕ್ರೋಜಿಯರ್ ಎಂಬಿಬ್ಬರು ನೂರು ವರ್ಷಕ್ಕೂ ಹಿಂದೆಯೇ ಇದನ್ನು ನೋಡಿ ಬರೆದಿದ್ದಾರೆ: ಇಳಿತದಲ್ಲಿ ಒಂದೇ ಗೂಡಿನವು ಒಟ್ಟಿಗೆ ಹೊರಟು ಮೇಯುತ್ತವೆ, ನೀರು ಏರುವ ಮೊದಲು ಅದೇ ಗೂಡಿಗೆ ಮರಳುತ್ತವೆ. ವೆರುಕುಲೇಟಾ ಕೂಡ ತಾನು ಬಿಟ್ಟ ಲೋಳೆಯ ಜಾಡು ಹಿಡಿದು ಮನೆಗೆ ಹಿಂತಿರುಗುತ್ತದೆ. ದೂರ ಎಸೆದರೆ ಆ ಜಾಡು ಸಿಗುವುದಿಲ್ಲ. ನೀರು ಏರುವ ಹೊತ್ತಾಗಿದ್ದರೆ ಫೋಟೊ ನಾಳೆ ತೆಗೆಯಿರಿ.